ಮಾವನ ನದಿ, ನನ್ನ ಹುಳುಗಳು

ಒಬ್ಬೊಬ್ಬರಿಗೆ ಒಂದೊಂದರ ಹೆದರಿಕೆ. ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೆ ಹಲ್ಲಿಯ ಹೆದರಿಕೆ. ಗೋಡೆಯ ಮೇಲೆ ಹಲ್ಲಿ ಕಂಡರೆ ಅವರು ರಜೆಯ ಅರ್ಜಿಗೆ ಓದದೆಯೇ ಸಹಿ ಹಾಕುತ್ತಾರೆಂದು ಗೊತ್ತಾದ ಮೇಲೆ ನಾವೆಲ್ಲ ಆ ಕೋಣೆಯ ಹಲ್ಲಿಗಳನ್ನು ಜೋಪಾನ ಮಾಡುತ್ತ ಬಂದಿದ್ದೇವೆ. ನನ್ನ ತಾಯಿಗೆ ಗುಡುಗಿನ ಹೆದರಿಕೆ ಇತ್ತು. ಇವೆಲ್ಲ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ, ಮರ್ಯಾದಸ್ಥ ಹೆದರಿಕೆಗಳು. ನನ್ನದು ಹಾಗಲ್ಲ. ನನಗೆ ತುಂಬುತ್ತಿರುವ ಬಕೀಟಿನ ಹೆದರಿಕೆ. ನಳ ಬಿಟ್ಟ ಬಕೀಟಿಗೆ ನಾನು ಬೆನ್ನು ಕೊಟ್ಟು ನಿಲ್ಲಲಾರೆ. ಬಚ್ಚಲಲ್ಲಿ ಗೋಡೆಗೆ ಬೆನ್ನು ಹಚ್ಚಿ, ನೀರಿನ ಕಡೆ ಮುಖ ಮಾಡಿ ಕುಳಿತು ಸ್ನಾನ ಮಾಡುತ್ತೇನೆ. ಕಣ್ಣಿಗೆ ಸಾಬೂನು ಹೋದರೂ ಕಣ್ಣು ಮುಚ್ಚುವುದಿಲ್ಲ. ನನ್ನ ಹೆಂಡತಿ ಶಾಂತಾ ಮೊದಮೊದಲು ಮರುಗಿದಳು, ಆಮೇಲೆ ನಕ್ಕಳು, ಈಗ ಎರಡನ್ನೂ ಬಿಟ್ಟು ಬೈಯುತ್ತಾಳೆ. "ಬಕೀಟದಾಗ ಭೀಮಾ ಬರಂಗಿಲ್ಲರಿ. ಸುಮ್ಮ ಮೈ ತೊಳಕೊಂಡು ಏಳ್ರಿ."

ಬರುವುದಿಲ್ಲವೆಂದು ನನಗೂ ಗೊತ್ತು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಜೇವರ್ಗಿಯ ಕಾಲೇಜಿನಲ್ಲಿ ಪಾಠ ಹೇಳುವವನು. ಆದರೆ ಗೊತ್ತಿರುವುದು ತಲೆಯಲ್ಲಿದೆ, ಹೆದರಿಕೆ ಮೊಣಕಾಲಲ್ಲಿದೆ. ಎರಡರ ನಡುವೆ ಪತ್ರವ್ಯವಹಾರ ನಿಂತು ಬಹಳ ದಿನವಾಯಿತು.

ಇದಕ್ಕೆಲ್ಲ ಕಾರಣ ಹುಳುಗಳು. ನದಿಯ ನೀರು ಒಳ್ಳೆಯದೋ ಕೆಟ್ಟದ್ದೋ ತಿಳಿಯಲು ಎರಡು ದಾರಿಗಳಿವೆ. ರಸಾಯನಶಾಸ್ತ್ರದವರು ಸೀಸೆಯಲ್ಲಿ ನೀರು ತುಂಬಿಕೊಂಡು ಹೋಗಿ, ಹನಿ ಹನಿ ಔಷಧ ಹಾಕಿ, ಬಣ್ಣ ನೋಡಿ ಹೇಳುತ್ತಾರೆ. ಅದು ಆ ಗಳಿಗೆಯ ಸುದ್ದಿ. ನಿನ್ನೆ ಏನು ಹರಿದುಹೋಯಿತೆಂದು ಸೀಸೆಗೆ ತಿಳಿಯದು. ನಮ್ಮ ದಾರಿ ಬೇರೆ. ನಾವು ನದಿಯ ತಳದ ಕಲ್ಲು ಎತ್ತಿ, ಅದರ ಕೆಳಗೆ ಯಾರು ಸಂಸಾರ ಹೂಡಿದ್ದಾರೆಂದು ನೋಡುತ್ತೇವೆ. ಬೆನ್ನೆಲುಬಿಲ್ಲದ ಈ ಸಣ್ಣ ಜೀವಿಗಳು ತಿಂಗಳುಗಟ್ಟಲೆ ಅದೇ ನೀರಿನಲ್ಲಿ ಉಂಡು, ಉಸಿರಾಡಿ, ಬೆಳೆದಿರುತ್ತವೆ. ಮದುವೆಗೆ ಮೊದಲು ಹುಡುಗನ ಗುಣ ತಿಳಿಯಲು ಹುಡುಗನನ್ನೇ ಕರೆದು ಕೇಳುವವರು ರಸಾಯನಶಾಸ್ತ್ರದವರು; ಅವನ ಓಣಿಯವರನ್ನು ವಿಚಾರಿಸುವವರು ನಾವು. ಮೂರು ಬಾಲದ ಒಂದು ಮರಿಹುಳು ಇದೆ, ಬಲು ನಾಜೂಕಿನದು. ನೀರಿಗೆ ಸ್ವಲ್ಪ ಕೊಳೆ ಸೇರಿದರೂ ಅದು ಊರು ಬಿಡುತ್ತದೆ. ಉಸುಕಿನ ಕಾಳುಗಳನ್ನು ಅಂಟಿಸಿ ಮೈಸುತ್ತ ಗೂಡು ಕಟ್ಟಿಕೊಳ್ಳುವ ಇನ್ನೊಂದಿದೆ, ಅದೂ ಮಾನವಂತರ ಪೈಕಿ. ಕೆಂಪು ದಾರದ ತುಂಡಿನಂಥ ಹುಳು ಮತ್ತು ಜಿಗಣೆ ಹಾಗಲ್ಲ. ಅವು ಗಟಾರಿನಲ್ಲೂ ಸುಖವಾಗಿರಬಲ್ಲವು. ಒಳ್ಳೆಯ ನೀರಿನಲ್ಲೂ ಅವು ಒಂದೆರಡು ಇರುತ್ತವೆ, ಅದಕ್ಕೆ ಯಾರೂ ಬೇಸರಪಡಬೇಕಿಲ್ಲ. ಆದರೆ ಉಳಿದವರೆಲ್ಲ ಮನೆ ಖಾಲಿ ಮಾಡಿ ಇವು ಮಾತ್ರ ಹಾಯಾಗಿದ್ದರೆ ಆ ಓಣಿಯ ಬಗ್ಗೆ ವಿಚಾರ ಮಾಡಬೇಕು.

ಈ ವಿದ್ಯೆಯನ್ನು ನಾನು ಕಲಿತದ್ದು ಪುಸ್ತಕದಿಂದ. ಜೇವರ್ಗಿಯಲ್ಲಿ ಅದರ ಉಪಯೋಗವೇ ಇರಲಿಲ್ಲ. ಅಲ್ಲಿ ನನ್ನ ಪಾಂಡಿತ್ಯವೆಲ್ಲ ಜಿರಲೆ ಕೊಯ್ಯುವುದಕ್ಕೆ ಮೀಸಲು. ಅದಕ್ಕೂ ಜಿರಲೆಗಳನ್ನು ಮನೆಯಿಂದ ನಾನೇ ಒಯ್ಯಬೇಕಾಗುತ್ತಿತ್ತು. ಮೇಲಾಗಿ ನಾನು ಹುಟ್ಟಿದ್ದು ಆಳಂದ ತಾಲೂಕಿನಲ್ಲಿ, ಜಿಡಗಾದ ಹತ್ತಿರದ ಒಂದು ಊರಿನಲ್ಲಿ. ನಮ್ಮಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಕಾಣುವ ಬೆಳ್ಳಿ ರೂಪಾಯಿಯಷ್ಟು ಹೊಳಪು. ಈಜು ಕಲಿಯುವ ಪ್ರಸಂಗ ಬರಲಿಲ್ಲ. ಅಂಥವನಿಗೆ ಭೀಮಾನದಿಯ ದಂಡೆಯ ಹೆಣ್ಣು ಕೊಟ್ಟರು.

ಒಂದು ನಿಮಿಷ. ಶಾಂತಾ ನಳ ಬಿಟ್ಟಂತಿದೆ. ನೋಡಿ ಬರುತ್ತೇನೆ.

ಏನಿಲ್ಲ, ಅಕ್ಕಿ ತೊಳೆಯುತ್ತಿದ್ದಾಳೆ. ನಮ್ಮ ಮಾವನ ಸಂಗತಿ ಹೇಳುತ್ತಿದ್ದೆ. ಬಸಲಿಂಗಪ್ಪ ಗೌಡರು ಅಫಜಲಪುರ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಯವರು. ಅವರಿಗೆ ಹೊಲವಿದೆ, ಎಮ್ಮೆಗಳಿವೆ, ಮಗ ಸೊಸೆ ಮೊಮ್ಮಗಳು ಇದ್ದಾರೆ. ಆದರೆ ಹೆಮ್ಮೆ ಇರುವುದು ನದಿಯ ಬಗ್ಗೆ ಮಾತ್ರ. ಮಗಳ ಮನೆಗೆ ಬರುವಾಗ ಹಿತ್ತಾಳೆಯ ಕೊಡದಲ್ಲಿ ತಮ್ಮ ಊರಿನ ನೀರು ತುಂಬಿಕೊಂಡು, ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. "ಜೇವರ್ಗಿ ನಳದಾಗ ಬರೂದೂ ಭೀಮಾನ ಅಲ್ಲೇನ್ರಿ ಮಾವಾರ?" ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವರು ನನ್ನನ್ನು ಕನಿಕರದಿಂದ ನೋಡಿ, "ಅದು ಪೈಪಿನ ಭೀಮಾರಿ, ಅಳಿಯಂದ್ರ" ಎಂದಿದ್ದರು.

ಇದು ಎಂಬತ್ತರ ದಶಕದ ಮಾತು. ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಅವರ ಊರಿನಲ್ಲಿ ಮಕ್ಕಳಿಗೆಲ್ಲ ವಾಂತಿ ಭೇದಿ ಶುರುವಾಯಿತು. ಮಾವನವರ ಮೊಮ್ಮಗಳೂ ಮಲಗಿ, ಉಳಿಯುತ್ತಾಳೋ ಇಲ್ಲವೋ ಎನ್ನುವಂತಾಗಿ, ದೇವರ ದಯದಿಂದ ಎದ್ದು ಕುಳಿತಳು. ನರ್ಸಬಾಯಿ ಮನೆಮನೆಗೆ ಬಂದು, ಹೊಳೆಯ ನೀರು ಬಿಡಿ, ಬೋರಿನ ನೀರು ಕುಡಿಯಿರಿ ಎಂದಳು. ಬೋರಿನ ನೀರು ಸವಳು. ಆ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಸಂಜೆಯವರೆಗೆ ಕುದಿಸಿದರೂ ಬೇಳೆ ಬೇಳೆಯಾಗಿಯೇ ನಿಂತು ನಿಮ್ಮನ್ನು ದಿಟ್ಟಿಸಿ ನೋಡುತ್ತದೆ. ತೊಗರಿ ಬೆಳೆಯುವ ಸೀಮೆಯಲ್ಲಿ ಬೇಳೆ ಬೇಯುವುದಿಲ್ಲವೆಂದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಊರಿನವರು ಯಾವ ಕಡೆ ಹೋಗುವುದೆಂದು ಗೌಡರ ಮುಖ ನೋಡಿದರು. ಗೌಡರು ಮೊಮ್ಮಗಳ ಮುಖ ನೋಡಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತು ಸಾರಿದರು: "ನಮ್ಮ ಅಳಿಯಂದ್ರು ಹುಳದ ಮ್ಯಾಲ ದೊಡ್ಡ ಪರೀಕ್ಷಾ ಪಾಸ್ ಮಾಡ್ಯಾರ. ಅವ್ರು ಬಂದು ಹೊಳೀ ನೋಡಿ, ನೀರು ಕೆಟ್ಟಾವ ಅಂದ್ರ, ನಾನೇ ಮುಂದ ನಿಂತು ಎಲ್ಲಾರಿಗೂ ಬೋರಿಗಿ ಹಚ್ತೇನಿ. ಛಲೋ ಅವ ಅಂದ್ರ, ಯಾವ ನರ್ಸಬಾಯಿ ಮಾತೂ ಕೇಳಂಗಿಲ್ಲ."

ದೀಪಾವಳಿಯ ರಜೆಯಲ್ಲಿ ನಾವು ಹೋದೆವು. ಸಾಮಾನು ಹೆಚ್ಚೇನಿರಲಿಲ್ಲ. ಶಾಂತಾಳ ಹಿಟ್ಟಿನ ಸಾಣಿಗೆಯ ಬಳೆಗೆ ಹಳೆಯ ಸೊಳ್ಳೆಪರದೆಯನ್ನು ಹೊಲಿದು ಒಂದು ಬಲೆ ಮಾಡಿದ್ದೆ. ಹುಳುಗಳನ್ನು ಸುರುವಿ ನೋಡಲು ಬಿಳಿ ಪಿಂಗಾಣಿ ಬಣ್ಣದ ಅಗಲವಾದ ಬೋಗುಣಿ, ಎತ್ತಲು ಕಾಲಿನ ಮುಳ್ಳು ಕೀಳುವ ಚಿಮಟ. ಹೊಳೆಯಲ್ಲಿ ನೀರು ಇಳಿದಿತ್ತು. ಆಕಾಶ ಒರೆಸಿಟ್ಟ ಗಾಜಿನಂತಿತ್ತು. ಮಾವನವರ ನೆರೆಮನೆಯ ಹುಸೇನಬಿ ತನ್ನ ಎಮ್ಮೆಗಳನ್ನು ನೀರಿಗೆ ಬಿಟ್ಟು ದಂಡೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದಳು. ಶಾಂತಾ ತವರಿನ ನೀರಿನಲ್ಲಿ ತಂಬಿಗೆ ಬೆಳಗುತ್ತ ಮೆಟ್ಟಿಲ ಮೇಲಿದ್ದಳು.

ಈ ಕೆಲಸದ ಪದ್ಧತಿ ಹೀಗೆ: ಒಬ್ಬ ಬಲೆ ಹಿಡಿದು ಹರಿವಿನ ಕೆಳಗಡೆ ನಿಲ್ಲಬೇಕು. ಇನ್ನೊಬ್ಬ ಅವನ ಮೇಲ್ಗಡೆ ನಿಂತು ತಳದ ಕಲ್ಲುಗಳನ್ನು ಕಾಲಿನಿಂದ ಒದ್ದು ಕದಡಬೇಕು. ಕಲ್ಲಿಗೆ ಅಂಟಿಕೊಂಡ ಹುಳುಗಳು ಬಿಟ್ಟುಕೊಂಡು ಹರಿವಿನ ಜೊತೆ ಬಲೆಗೆ ಬರುತ್ತವೆ. ಇದನ್ನು ಪುಸ್ತಕದಲ್ಲಿ ಬರೆದವರಿಗೆ ಹೆಣ್ಣು ಕೊಟ್ಟ ಮಾವ ಇರಲಿಲ್ಲವೆಂದು ಕಾಣುತ್ತದೆ.

"ನೀವು ಬಲಿ ಹಿಡೀರಿ ಮಾವಾರ, ನಾ ಈ ಕಡಿಂದ ಒದೀತೇನಿ" ಎಂದೆ.

ದಂಡೆಯ ಮೇಲೆ ಹುಸೇನಬಿ ಎಲೆಯನ್ನು ಬಾಯಿಗೊಯ್ಯುವುದನ್ನು ನಿಲ್ಲಿಸಿದಳು. "ಯಾ ಅಲ್ಲಾ! ಕೇಳಿದ್ರೇನ್ರಿ ಗೌಡ್ರ? ಅಳಿಯಾ ಮಾವಗ ಒದೀತೇನಿ ಅಂತಾನ. ಹಬ್ಬಕ್ಕ ಇದಕ್ಕೇ ಕರ್ಸೀರೇನು?"

ನನ್ನ ಮುಖ ಕೆಂಪಾಯಿತು. ಹಾಗಾದರೆ ಮಾವನವರೇ ಮೇಲೆ ನಿಂತು ಒದೆಯಲಿ, ಬಲೆ ನಾನು ಹಿಡಿಯುತ್ತೇನೆ ಎಂದೆ. ಮಾವನವರು ನಾಲಿಗೆ ಕಚ್ಚಿಕೊಂಡರು. "ಛೇ ಛೇ, ಎಲ್ಯಾರ ಉಂಟೇನ್ರಿ? ಅಳಿಯಂದ್ರ ಮುಂದ ಕಾಲು ಚಾಚಿ ಕುಂತವನಲ್ಲ ನಾ. ನಾಳಿ ಮಂದಿ, ಗೌಡ ಅಳಿಯನ್ನ ಹೊಳ್ಯಾಗ ನಿಂದರ್ಸಿ ಒದ್ದ ಅಂತಾರ."

"ಒಬ್ಬರಿಗೊಬ್ಬರು ಬೆನ್ನು ತಿರುವಿ ನಿಂದರ್ರಿ" ಎಂದು ಶಾಂತಾ ಮೆಟ್ಟಿಲಿನಿಂದ ಸಲಹೆ ಕೊಟ್ಟಳು. ನಿಂತು ನೋಡಿದೆವು. ಆಗ ಒದೆತ ಎಮ್ಮೆಯ ಒದೆತವಾಗುತ್ತಿತ್ತು, ಮರ್ಯಾದೆ ಇನ್ನೂ ಹೋಗುತ್ತಿತ್ತು. ಬಹಳ ಹೊತ್ತಿನ ಮೇಲೆ ಮಾವನವರೇ ಮಾರ್ಗ ಕಂಡುಹಿಡಿದರು. ಒದೆಯುವುದೂ ಅವರೇ, ಬಲೆ ಹಿಡಿಯುವುದೂ ಅವರೇ. ಈಜು ಬಾರದ ನಾನು ದಂಡೆಯ ಬಂಡೆಯ ಮೇಲೆ ಕುಳಿತು ಹುಳು ಆರಿಸಬೇಕು. ಅಳಿಯನ ಮರ್ಯಾದೆ ಬಂಡೆಯ ಮೇಲೆ, ಮಾವನ ಮರ್ಯಾದೆ ನೀರಿನಲ್ಲಿ, ಎರಡೂ ಉಳಿದವು. ಒಂದೇ ಒಂದು ಸಂಗತಿ ಯಾರಿಗೂ ಹೊಳೆಯಲಿಲ್ಲ. ಒಬ್ಬರೇ ಎರಡೂ ಕೆಲಸ ಮಾಡಬೇಕಾದರೆ ಬಲೆಯನ್ನು ಕೆಳಗಡೆ ಹಿಡಿದು, ಅದರತ್ತ ಮುಖ ಮಾಡಿ ನಿಲ್ಲಬೇಕು. ಅಂದರೆ ನದಿ ಬರುವ ದಿಕ್ಕಿಗೆ ಬೆನ್ನು.

ಮೊದಲ ಬಲೆ ಬಂತು. ಬೋಗುಣಿಗೆ ಸುರುವಿದೆ. ಕೆಂಪು ಹುಳುಗಳು, ಎರಡು ಜಿಗಣೆ, ಕೆಸರು. ಎರಡನೆಯದರಲ್ಲಿಯೂ ಅದೇ ಮಂದಿ. ಮಾವನವರು ಮೊಣಕಾಲುದ್ದ ನೀರಿನಲ್ಲಿ ನಿಂತು, ಮಗನ ಫಲಿತಾಂಶ ಕೇಳುವ ತಂದೆಯಂತೆ, "ಹೆಂಗ ಅವರಿ?" ಎಂದರು. ಹೇಗೆ ಹೇಳುವುದು? ಅಷ್ಟು ದೊಡ್ಡ ಮನುಷ್ಯ, ತಲೆಗೆ ರುಮಾಲು ಸುತ್ತಿಕೊಂಡು, ಧೋತರ ಎತ್ತಿ ಕಟ್ಟಿ, ಹುಳುವಿನ ಮಾತಿಗಾಗಿ ಕಾಯುತ್ತಿದ್ದಾರೆ. "ಇನ್ನೂ ಸರಿಯಾಗಿ ಗೊತ್ತಾಗವಲ್ದು. ಇನ್ನೊಂದು ಸಲ ನೋಡೋಣ್ರಿ ಮಾವಾರ" ಎಂದೆ. ಅವರು ಒಂದು ಹೆಜ್ಜೆ ಒಳಗೆ ಹೋಗಿ ಒದ್ದರು. ಮತ್ತೆ ಕೆಂಪು ಹುಳು. "ಇನ್ನೊಂದು ಸಲ." ನನಗೆ ಗೊತ್ತಾಗಬೇಕಾದ್ದು ಗೊತ್ತಾಗಿತ್ತು. ಆದರೂ ಪರೀಕ್ಷೆಯಲ್ಲಿ ದಡ್ಡ ಹುಡುಗನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಹೇಗಾದರೂ ಪಾಸು ಮಾಡಿಸುವ ಮಾಸ್ತರನ ಚಟ ಎಲ್ಲಿ ಹೋಗುತ್ತದೆ?

ಆಗ ಆಶ್ಚರ್ಯವಾಯಿತು. ಮುಂದಿನ ಬಲೆಯಲ್ಲಿ ಮೂರು ಬಾಲದ ಹುಳು ಬಂತು! ಅದರ ಮುಂದಿನದರಲ್ಲಿ ಹಿಡಿಯಷ್ಟು. ಗೂಡು ಕಟ್ಟಿಕೊಂಡವು, ಪುಟ್ಟ ಕಪ್ಪೆಚಿಪ್ಪು, ನಾನು ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದ ಚಪ್ಪಟೆ ಮೈಯ ಹುಳು. ಇಡೀ ಭೀಮಾನದಿಯ ಮಾನವಂತರೆಲ್ಲ ಮೆರವಣಿಗೆ ಹೊರಟು ನನ್ನ ಬೋಗುಣಿಗೆ ಬರುತ್ತಿದ್ದರು. "ಬಂದಾವ್ರಿ ಮಾವಾರ! ಛಲೋ ಹುಳ ಬಂದಾವ! ಒದೀರಿ, ಇನ್ನಾ ಒದೀರಿ!" ಎಂದು ಕೂಗಿದೆ. ಮಾವನವರು ಹುರುಪಿನಿಂದ ಎರಡೂ ಕಾಲು ಬಡಿದು ಕುಣಿಯತೊಡಗಿದರು.

"ರೀ, ಇಲ್ಲಿಟ್ಟ ತಂಬಿಗಿ ತೇಲಾಕತ್ತದ ನೋಡ್ರಿ" ಎಂದಳು ಶಾಂತಾ.

"ಸುಮ್ಮನಿರಬೇ, ಲೆಕ್ಕ ತಪ್ತದ" ಎಂದೆ, ತಲೆ ಎತ್ತದೆ.

ನೀರಿನ ಹುಳುಗಳ ಬಗ್ಗೆ ಪುಸ್ತಕದಲ್ಲಿ ಇನ್ನೊಂದು ಮಾತು ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಬಿಟ್ಟಿದ್ದೆ. ಹೊಳೆ ಏರುವಾಗ ಮೊದಲ ನೂಕಿಗೇ ಕಲ್ಲಿನ ಹಿಡಿತ ತಪ್ಪಿ ಹುಳುಗಳು ರಾಶಿ ರಾಶಿಯಾಗಿ ತೇಲಿಬರುತ್ತವೆ. ನಮ್ಮ ತಲೆಯ ಮೇಲೆ ಬಿಸಿಲಿತ್ತು. ಮೇಲೆ ಎಲ್ಲೋ, ನಮಗೆ ಕಾಣದ ಸೀಮೆಯಲ್ಲಿ, ಹಿಂಗಾರಿಯ ಅಡ್ಡಮಳೆ ಬಿದ್ದಿತ್ತು. ನದಿ ಅದನ್ನು ನನಗೆ ಹೇಳಿಕಳುಹಿಸುತ್ತಿತ್ತು, ನಾನು ಓದಿದ ಭಾಷೆಯಲ್ಲಿಯೇ, ಬಲೆ ಬಲೆಯಾಗಿ. ನಾನು ಚಪ್ಪಾಳೆ ತಟ್ಟುತ್ತಿದ್ದೆ.

ತಲೆ ಎತ್ತಿದ್ದು ನನ್ನ ಕಾಲು ಒದ್ದೆಯಾದಾಗ. ಬಂಡೆಯ ಕೆಳಗೆ ಬಿಟ್ಟಿದ್ದ ನನ್ನ ಚಪ್ಪಲಿಗಳು ಜೋಡಿಯಾಗಿ ಹೊರಟಿದ್ದವು. ಮೊಣಕಾಲುದ್ದ ನೀರಿನಲ್ಲಿದ್ದ ಮಾವನವರು ಸೊಂಟದವರೆಗೆ ಮುಳುಗಿದ್ದರು. ತಗ್ಗಿಗೆ ಕಾಲಿಟ್ಟೆನೆಂದು ತಿಳಿದು ಒದೆಯುತ್ತಲೇ ಇದ್ದರು. ಅವರ ಬೆನ್ನ ಹಿಂದೆ ತಿರುವಿನಲ್ಲಿ ನದಿ ಕೆಂಪಾಗಿ, ಜಾಲಿಯ ಟೊಂಗೆ, ಜೋಳದ ಕಣಕಿ, ನೊರೆ ಹೊತ್ತು ಬರುತ್ತಿತ್ತು. ಅದಕ್ಕೆ ಗದ್ದಲವಿರಲಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಗೋಡೆಯಾಗಿಯೂ ಬರಲಿಲ್ಲ. ಯಾರೋ ಚಾಪೆ ಬಿಚ್ಚಿದಂತೆ ಬಂತು. ನಾನು ಬಾಯಿ ತೆರೆದೆ. ಬಾಯಿಂದ ಏನೂ ಬರಲಿಲ್ಲ. ದಿನವೂ ನಾಲ್ಕು ತಾಸು ಮಾತಾಡಿ ಸಂಬಳ ತೆಗೆದುಕೊಳ್ಳುವವನು ನಾನು.

"ಅಪ್ಪಾ!" ಎಂದು ಶಾಂತಾ ಕಿರುಚಿದಳು. "ಗೌಡ್ರ, ಹಿಂದ ನೋಡ್ರಿ, ಹಿಂದ!" ಎಂದು ಹುಸೇನಬಿ ಎದ್ದು ಓಡಿದಳು. ಮಾವನವರು ತಿರುಗಿದರು. ನೀರು ಎದೆಗೆ ಹೊಡೆಯಿತು, ಕಾಲು ಕಿತ್ತಿತು. ರುಮಾಲು ಒಂದು ಕಡೆ ಹೋಯಿತು, ಗೌಡರು ಒಂದು ಕಡೆ. ಎಷ್ಟು ಹೊತ್ತು ಮುಳುಗಿದ್ದರೋ ನಾನು ಹೇಳಲಾರೆ. ಆ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ. ಊಟಕ್ಕೆ ಕುಳಿತಾಗ, ಪಾಠ ಹೇಳುವಾಗ, ಬಸ್ಸಿನಲ್ಲಿ ತೂಕಡಿಸುವಾಗ ಮತ್ತೆ ಶುರುವಾಗುತ್ತದೆ: ಕೆಂಪು ನೀರು, ಅದರ ಮೇಲೆ ಬಿಚ್ಚಿಕೊಳ್ಳುತ್ತ ಸಾಗುವ ಬಿಳಿ ರುಮಾಲು, ಅದರ ಕೆಳಗೆ ಯಾರೂ ಇಲ್ಲ. ಆ ಚಿತ್ರದಲ್ಲಿ ನಾನೂ ಇದ್ದೇನೆ. ಬಂಡೆಯ ಮೇಲೆ ನಿಂತು, ಒಂದು ಹುಳುವೂ ಚೆಲ್ಲದಂತೆ, ಬೋಗುಣಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದೇನೆ.

ಎಮ್ಮೆಗಳು ಆಗಲೇ ದಂಡೆಯ ಕಡೆ ಈಸುತ್ತಿದ್ದವು. ಹುಸೇನಬಿ ಕೆಳಗಡೆಯ ದಂಡೆಗುಂಟ ಓಡುತ್ತ, ತನ್ನ ದೊಡ್ಡ ಎಮ್ಮೆಯನ್ನು "ಬಾ ಚಾಂದನೀ, ಹೋಯ್, ಬಾ ನಮ್ಮವ್ವ" ಎಂದು ಕರೆಯುತ್ತಿದ್ದಳು. ಅದರ ಹಿಂದೆ ನೀರಿನಿಂದ ಒಂದು ಬೋಳು ತಲೆ ಎದ್ದಿತು. ಒಂದು ಕೈ ಬಾಲಕ್ಕೆ ಬಿತ್ತು. ಎಮ್ಮೆ ಒಮ್ಮೆ ಹಿಂತಿರುಗಿ, ಇದು ಯಾರ ಸಂಬಂಧ ಎನ್ನುವಂತೆ ನೋಡಿ, ಮತ್ತೆ ಈಸತೊಡಗಿತು. ಬಹಳ ಕೆಳಗೆ, ಜಾಲಿಗಿಡಗಳ ಹತ್ತಿರ, ಅದು ಗೌಡರನ್ನು ಕೆಸರಿಗೆ ಎಳೆದು ಹಾಕಿತು. ನಾವು ಓಡಿಹೋದಾಗ ಅವರು ಕುಳಿತು ನೀರು ಕಾರುತ್ತಿದ್ದರು. ಸಾಣಿಗೆಯ ಬಳೆ ಮೊಣಕೈಯಲ್ಲಿ ಸಿಕ್ಕಿಕೊಂಡು ಹಾಗೇ ಇತ್ತು. ಶಾಂತಾ ಅವರ ಕೊರಳಿಗೆ ಬಿದ್ದು ಅತ್ತಳು. ಮಾವನವರು ಅವಳ ತೋಳಿನ ಸಂದಿಯಿಂದ ನನ್ನನ್ನು ನೋಡಿ ಕೇಳಿದರು: "ಹುಳ ಅವೇನ್ರಿ, ಹೋದೂ?"

"ಅವರಿ" ಎಂದೆ. ಬೋಗುಣಿ ಇನ್ನೂ ತಲೆಯ ಮೇಲಿತ್ತು.

"ನಾ ಎಮ್ಮಿ ಕರದೆ, ಗೌಡ್ರು ಬಂದಾರ" ಎಂದಳು ಹುಸೇನಬಿ, ಏದುಸಿರು ಬಿಡುತ್ತ. "ನಾಳಿಂದ ಹಾಲಿನ ಜೊತಿಗಿ ಇವ್ರನ್ನೂ ಕರೀಬೇಕೇನೋ."

ಮನೆಗೆ ಬಂದು ಮಾವನವರು ಬಿಸಿನೀರು ಹೊಯ್ದುಕೊಂಡು, ಒಣ ಧೋತರ ಉಟ್ಟು, ಕಟ್ಟೆಯ ಮೇಲೆ ಕುಳಿತರು. ಊರೇ ಸೇರಿತ್ತು. ಅವರ ಬಾಯಲ್ಲಿ ಆಗಲೇ ನೀರು ಇನ್ನೊಂದು ಆಳು ಏರಿತ್ತು. ಎಮ್ಮೆಯ ಪಾತ್ರ ಸ್ವಲ್ಪ ಸಣ್ಣದಾಗಿತ್ತು. "ಜೀವಾ ಹೋಗೂ ಹೊತ್ತಿನಾಗೂ ಹುಳ ಬಿಟ್ಟಿಲ್ಲ. ನಮ್ಮ ಹೊಳಿ ಪಾಸಾಗ್ಯಾದ. ಹೇಳ್ರಿ ಅಳಿಯಂದ್ರ ನೀವೇ!" ಎಂದರು. ಅವರ ತೊಡೆಯ ಮೇಲೆ ಮೊಮ್ಮಗಳು ಕುಳಿತಿದ್ದಳು, ಇನ್ನೂ ಕಣ್ಣು ಆಳಕ್ಕಿಳಿದೇ ಇತ್ತು.

ಎಲ್ಲರೂ ನನ್ನ ಕಡೆ ನೋಡಿದರು. ಪಾಸು ಎಂದರೆ ಆ ಕೂಸು ಮತ್ತೆ ಅದೇ ನೀರು ಕುಡಿಯುತ್ತದೆ. ಇದು ಲೆಕ್ಕಕ್ಕಿಲ್ಲವೆಂದರೆ ನೀರು ಇಳಿದ ದಿನವೇ ಈ ಮನುಷ್ಯ ಮತ್ತೆ ಹೊಳೆಗೆ ಇಳಿಯುತ್ತಾನೆ. ನಾನು ಮಾವನವರನ್ನು ಒಳಗೆ ಕರೆದೆ. ಪಡಸಾಲೆಯಲ್ಲಿ ನಿಂತು ಹೇಳಿದೆ: ಕಡೆಗೆ ಬಂದ ಮಾನವಂತ ಹುಳುಗಳು ನಮ್ಮ ಊರಿನವಲ್ಲ, ಹೊಸ ನೀರು ಮೇಲಿನಿಂದ ಕಿತ್ತು ತಂದದ್ದು. ನಮ್ಮ ಊರಿನವು ಮೊದಲು ಬಂದವು.

"ಕೆಂಪನ್ನವಾ?"

"ಹೌದ್ರಿ. ಕೆಂಪನ್ನವು, ಜಿಗಣಿ. ಗಟಾರದಾಗ ಇರೂವು."

"ಗಟಾರದಾಗ ಇರೂವೇನ್ರಿ ಅವು?" ಎಂದು ನಿಧಾನವಾಗಿ ಕೇಳಿದರು. ನನಗೆ ಆಗ ತಿಳಿಯಲಿಲ್ಲ, ಆಮೇಲೆ ಶಾಂತಾ ಹೇಳಿದಳು. ಹಿಂದಿನ ವರ್ಷ ಊರಿಗೆಲ್ಲ ಕಲ್ಲಿನ ಗಟಾರು ಕಟ್ಟಿಸಿದವರು ಮಾವನವರೇ. ಓಣಿಗಳಲ್ಲಿ ಕೆಸರು ನಿಲ್ಲಬಾರದೆಂದು ಅವರೇ ಬಿಸಿಲಿನಲ್ಲಿ ನಿಂತು ಮಾಡಿಸಿದ್ದು. ಅದರ ಬಾಯಿ ಹೊಳೆಗೆ ಬೀಳುವುದು ಜನ ನೀರು ತುಂಬುವ ಮೆಟ್ಟಿಲುಗಳ ಮೇಲ್ಗಡೆ.

ಮಾವನವರು ಹೊರಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಂಡರು. "ಹೊಳಿ ಫೇಲ್ ಆಗಿಲ್ಲರಿ, ನಾ ಫೇಲ್ ಆಗೇನಿ" ಎಂದು ಕಟ್ಟೆಯ ಮಂದಿಗೆ ಹೇಳಿದರು. "ನಾಳಿಂದ ಎಲ್ಲಾರೂ ಬೋರಿನ ನೀರು. ಗಟಾರದ ಬಾಯಿ ತಿರುವಿ ಕೆಳಗಿನ ಹೊಲಕ್ಕ ಬಿಡೂದು. ಅಳಿಯಂದ್ರು ಮತ್ತ ಬಂದು, ಹುಳ ನೋಡಿ, ಸೈ ಅನ್ನೂತನಾ ನಾ ಹೊಳೀ ನೀರ ಮುಟ್ಟಂಗಿಲ್ಲ." ಮುಳುಗಿ ಎದ್ದವರು ಅವರು. ಅವರು ಆಗಲೇ ಮುಂದಿನ ಪರೀಕ್ಷೆಯ ಮಾತಾಡುತ್ತಿದ್ದರು.

ಗಟಾರಿನ ಬಾಯಿ ಯುಗಾದಿಯೊಳಗೆ ತಿರುಗಿತು. ಹೊಳೆ ಚೇತರಿಸಿಕೊಳ್ಳಲಿ, ಒಂದು ಮಳೆಗಾಲ ಹೋಗಲಿ ಎಂದು ನಾನು ಶಾಸ್ತ್ರಸಮ್ಮತವಾಗಿಯೇ ಹೇಳಿದೆ. ಮಳೆಗಾಲ ಹೋಯಿತು. ಆಮೇಲೆ ಶಾಸ್ತ್ರ ಮುಗಿದು ನೆಪಗಳು ಶುರುವಾದವು. ಪರೀಕ್ಷೆಯ ಪೇಪರು ತಿದ್ದಬೇಕು, ಇಜೇರಿಯಲ್ಲಿ ಗೆಳೆಯನ ಮಗನ ಜವಳದ ಊಟ, ಹಲ್ಲು ನೋವು. ಹಲ್ಲು ನೋವಿನ ನೆಪ ಹೇಳಿ ಹೇಳಿ ಕೊನೆಗೆ ಒಂದು ಒಳ್ಳೆಯ ಹಲ್ಲನ್ನು ಕೀಳಿಸಿಕೊಂಡೆ. ಅತ್ತ ಮಾವನವರು ಬೇಯದ ಬೇಳೆಯನ್ನು ಅಗಿಯುತ್ತಿದ್ದರು. "ನಮ್ಮಪ್ಪ ಅಲ್ಲಿ ಸವಳ ನೀರು ಕುಡದು ಸೊರಗಾಕತ್ತಾನ. ನೀವು ಇಲ್ಲಿ ಬಕೀಟ ಕಾಯ್ಕೋತ ಕುಂಡ್ರಿ" ಎಂದು ಶಾಂತಾ ಹಂಗಿಸಿದಳು. ಅವಳು ಹೇಳ್ಯಾಳು. ನಾನು ಪ್ರತಿ ಸಲ ಹೊರಡಲು ಚೀಲ ಹಿಡಿದಾಗಲೂ ಆ ರುಮಾಲು ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತಿತ್ತು.

ಒಂದು ಭಾನುವಾರ ಅಫಜಲಪುರದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಒಂದು ಸ್ಟೀಲಿನ ಡಬ್ಬಿ ತಂದು ಕೊಟ್ಟು ಹೋದ. ತವರಿನ ಶೇಂಗಾ ಹೋಳಿಗೆ ಎಂದು ಶಾಂತಾ ಆಸೆಯಿಂದ ಮುಚ್ಚಳ ತೆಗೆದು ಹೌಹಾರಿದಳು. ಒಳಗೆ ನೀರು, ಪಾಚಿ, ಹುಳು. ನಾನು ಇಣುಕಿದೆ. ಮೂರು ಬಾಲದವು! ಗೂಡಿನವು! ಚಪ್ಪಟೆ ಮೈಯವೂ! ಎಣಿಸಲಾಗದಷ್ಟು. "ಪಾಸ್!" ಎಂದು ಕೂಗುವವನಿದ್ದೆ. ಅಷ್ಟರಲ್ಲಿ ಹಳೆಯದು ನೆನಪಾಯಿತು. ಇಷ್ಟೊಂದು ಒಳ್ಳೆಯ ಹುಳುಗಳನ್ನು ನಾನು ಹಿಂದೆ ಒಂದೇ ಒಂದು ಸಲ ನೋಡಿದ್ದೆ. ಈ ಹುಳುಗಳು ಬಲೆಗೆ ಬೀಳುವಾಗ ಹಿಡಿದವರು ಎಷ್ಟು ನೀರಿನಲ್ಲಿ ನಿಂತಿದ್ದರು? ಆಮೇಲೆ ಏನಾದರು? ಡಬ್ಬಿಯನ್ನು ಬಸ್ಸಿಗೆ ತಂದುಕೊಟ್ಟವರು ಅವರೋ, ಬೇರೆಯವರೋ? ಕಂಡಕ್ಟರನನ್ನು ಕೇಳೋಣವೆಂದರೆ ಬಸ್ಸು ಹೋಗಿಯಾಗಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳದೆ ಸ್ಟ್ಯಾಂಡಿಗೆ ಓಡಿದೆ. ಶಾಂತಾ ಹಿಂದಿನಿಂದ, "ಹಲ್ಲು ನೋವು ಕಮ್ಮಿ ಆತೇನ್ರಿ?" ಎಂದು ಕೂಗಿದ್ದು ಕೇಳಿಸಿತು.

ಆ ಪ್ರಯಾಣವನ್ನು ನಾನು ವರ್ಣಿಸಲಾರೆ. ಊರು ಮುಟ್ಟಿ ಮನೆಗೆ ಹೋಗದೆ ನೇರ ಹೊಳೆಗೆ ಹೋದೆ. ನಡುಹೊಳೆಯಲ್ಲಿ, ಧೋತರ ಎತ್ತಿ ಕಟ್ಟಿ, ಹರಿವಿಗೆ ಬೆನ್ನು ಕೊಟ್ಟು, ಮಾವನವರು ಸಾಣಿಗೆಯ ಬಲೆ ಹಿಡಿದು ಒದೆಯುತ್ತಿದ್ದರು! "ಹೊರಗ ಬರ್ರಿ! ಮಾವಾರ, ಹೊರಗ ಬರ್ರೀ!" ಈ ಸಲ ನನ್ನ ಗಂಟಲು ಒಡೆದಿತ್ತು. ಹುಸೇನಬಿಯ ಎಮ್ಮೆಗಳೂ ಎದ್ದು ನಿಂತವು.

"ಯಾಕರಿ, ಮನೀಗಿ ಬೆಂಕಿ ಬಿದ್ದದೇನು?" ಎಂದರು ಮಾವನವರು. ನೀರು ಅವರ ಮೊಣಕಾಲಿನ ಕೆಳಗೇ ಇತ್ತು, ಕಲ್ಲು ಎಣಿಸುವಷ್ಟು ತಿಳಿಯಾಗಿತ್ತು. ಮೇಲಿನ ಎತ್ತರದ ಕಲ್ಲಿನ ಮೇಲೆ ಹುಸೇನಬಿ ತಿರುವಿನ ಕಡೆ ಮುಖ ಮಾಡಿ ಕುಳಿತಿದ್ದಳು.

"ಬಂದ್ರೆಲ್ಲಾ ಅಳಿಯಂದ್ರು, ಛಲೋ ಆತು" ಎಂದು ಅವಳು ಸೀರೆ ಝಾಡಿಸಿ ಎದ್ದಳು. "ಮುಂಜಾನಿಂದ ಕಾಯಾಕತ್ತೇನಿ. ಡಬ್ಬಿ ಕಳಿಸಿ ಬಂದ ಮ್ಯಾಲ ಮತ್ತ ಇಳದಾರ, ಸಾಕಾಗಿಲ್ಲಂತ. ನಂಗ ಎಮ್ಮಿ ಅವ, ಮನಿ ಅದ. ನೀವೇ ಕುಂಡ್ರಿ ಬರ್ರಿ."

"ಹೌದ್ರಿ, ಕುಂಡ್ರಿ" ಎಂದರು ಮಾವನವರು. "ಅಕಿ ಎಲಿ ಅಡಿಕಿ ತಗಿಯಾಕ ಒಮ್ಮೊಮ್ಮಿ ತೆಳಗ ನೋಡ್ತಾಳ. ನೀವು ನೋಡಂಗಿಲ್ಲ, ನನಗ ಗೊತ್ತದ. ಶಾಂತಾ ಎಲ್ಲಾ ಹೇಳ್ಯಾಳ, ನೀವು ಬಕೀಟ ಹೆಂಗ ಕಾಯ್ತೀರಂತ. ಅಂಥಾ ಮನಷ್ಯಾ ಈ ಸೀಮ್ಯಾಗ ಇನ್ನೊಬ್ಬ ಸಿಗಂಗಿಲ್ಲ."

ನಾನು ಕಲ್ಲು ಏರಿ ಕುಳಿತೆ. ಅವರು ಬಲೆ ಎತ್ತಿ ಸಂತೋಷದಿಂದ ಕೂಗಿದರು: "ಒಮ್ಮಿ ಈ ಕಡೆ ನೋಡ್ರೆಲಾ, ಎಷ್ಟ್ ಚಂದ ಅವ!"

"ಬಾಲ ಎಷ್ಟವರಿ?" ಎಂದೆ, ತಿರುವಿನಿಂದ ಕಣ್ಣು ತೆಗೆಯದೆ.

"ಮೂರು."

"ಕೆಂಪನ್ನವು?"

"ಎಲ್ಲೋ ಒಂದೆರಡು."

"ಸೈ" ಎಂದೆ. ಆ ಸಂಜೆ ಮಾವನವರು ಹೊಳೆಯ ನೀರನ್ನು ಕುದಿಸಿ ಆರಿಸಿ, ಮೊದಲು ತಾವು ಕುಡಿದು, ಆಮೇಲೆ ಮೊಮ್ಮಗಳಿಗೆ ಕುಡಿಸಿದರು. ಕುದಿಸಿ ಎಂದು ನಾನು ಹಟ ಮಾಡಿದ್ದೆ. ಅಷ್ಟಾದರೂ ಮಾತು ನಡೆಯಿತು. ಅವರ ಮನೆಯ ಬೇಳೆ ವರ್ಷದ ನಂತರ ಕರಗಿ ಬೆಂದು, ಓಣಿಗೆಲ್ಲ ಪರಿಮಳ ಹರಡಿತು.

ಅಂದಿನಿಂದ ವರ್ಷಕ್ಕೆರಡು ಸಲ ನನಗೆ ಕರೆ ಬರುತ್ತದೆ. ಅಕ್ಕಪಕ್ಕದ ಊರಿನವರೂ ಈಗ ಕರೆಯುತ್ತಾರೆ. ಮಾವನವರು ನೀರಿಗಿಳಿದು ಒದೆಯುತ್ತಾರೆ, ಹುಳು ಆರಿಸುತ್ತಾರೆ, ಇದು ಮಾನವಂತ, ಇದು ಪೋಲಿ ಎಂದು ಮಂದಿಗೆ ತೋರಿಸಿ ತೀರ್ಪು ಕೊಡುತ್ತಾರೆ. ನಾನು ಎತ್ತರದ ಕಲ್ಲಿನ ಮೇಲೆ ಕುಳಿತಿರುತ್ತೇನೆ. ಜಿಲ್ಲೆಯಲ್ಲಿ ಹೊಳೆಯ ಹುಳುಗಳನ್ನು ಬಲ್ಲವರು ನೀವೊಬ್ಬರೇ ಎಂದು ನಮ್ಮ ಪ್ರಿನ್ಸಿಪಾಲರು ಮೊನ್ನೆ ಸಭೆಯಲ್ಲಿ ನನ್ನನ್ನು ಹೊಗಳಿದರು. ಸಭೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬಂದು, "ಸರ್, ಭೀಮಾದಾಗಿನ ಆ ಮೂರು ಬಾಲದ ಹುಳದ ಬಣ್ಣ ಯಾವುದರಿ?" ಎಂದು ಕೇಳಿದಳು.

ಎಷ್ಟೋ ವರ್ಷಗಳಿಂದ ಆ ಹೊಳೆಗೆ ಹೋಗುತ್ತಿದ್ದೇನೆ. ಆ ಡಬ್ಬಿಯ ನಂತರ ಒಂದು ಹುಳುವನ್ನೂ ನೋಡಿಲ್ಲ. ನಮ್ಮ ಮಾವನವರನ್ನು ಕೇಳಿ ಹೇಳುತ್ತೇನೆ ಎಂದೆ.